ಹತ್ತು ಹಳೆಯ ಕಂಟ್ರಿ ಹಾಡು, ಒಂದು ಆಲ್ಬಂ: ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು

ಪ್ರಶ್ನೆ: ನಾವು ಮೈಸೂರಿನ ಐವರು ಗೆಳೆಯರು. ಹ್ಯಾಂಕ್ ವಿಲಿಯಮ್ಸ್, ಪ್ಯಾಟ್ಸಿ ಕ್ಲೈನ್, ಜಾನಿ ಕ್ಯಾಶ್ ಕಾಲದ ಹತ್ತು ಅಮೆರಿಕನ್ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಜನಪದದಿಂದ ಬೆಳೆದ ಶೈಲಿ) ಹಾಡುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿ ಆಲ್ಬಂ ತರಬೇಕೆಂದಿದ್ದೇವೆ. ಎರಡು ಅಕೌಸ್ಟಿಕ್ ಗಿಟಾರ್, ಒಂದು ಟೆಲಿಕ್ಯಾಸ್ಟರ್ ಎಲೆಕ್ಟ್ರಿಕ್ ಗಿಟಾರ್, ಬಾಸ್ ಇವೆ. ಡ್ರಮ್ಮರ್‌ಗೆ ಬ್ರಷ್ (ಕೋಲಿನ ಬದಲು ತಂತಿ ಎಳೆಗಳ ಕುಂಚ) ನುಡಿಸಲು ಬರುತ್ತದೆ. ಕಾಲಿನ ಪೆಡಲ್ ಒತ್ತಿ ತಂತಿಯ ಸ್ವರ ಏರಿಳಿಸುವ ಪೆಡಲ್ ಸ್ಟೀಲ್ ಗಿಟಾರ್ ಇಲ್ಲ. ಗಾಯಕಿ ಕರ್ನಾಟಕ ಸಂಗೀತ ಕಲಿತವರು. ಮೂಲದ ಹಾಗೇ ಹಾಡಿದರೆ ನಕಲಿನಂತಿದೆ, ಬದಲಿಸಲು ಹೋದರೆ ಹಾಡೇ ಕೆಡುತ್ತಿದೆ. ಎಷ್ಟು ಬದಲಿಸಬಹುದು? ಒಂದೆರಡು ಚರಣ ಕನ್ನಡದಲ್ಲಿ ಹಾಡಬಹುದೇ? ಅನುಮತಿ ಯಾರಿಂದ ಪಡೆಯಬೇಕು?

ಉತ್ತರ: ಪೆಡಲ್ ಸ್ಟೀಲ್ ಇಲ್ಲದಿರುವುದು ದೊಡ್ಡ ಕೊರತೆಯಲ್ಲ. ಬೇರೆಯವರ ಹಾಡುಗಳನ್ನು ಮತ್ತೆ ಹಾಡುವ ಕವರ್ ಆಲ್ಬಂಗಳು ಸೋಲುವುದು ವಾದ್ಯ ಸಾಲದೆ ಅಲ್ಲ; ಹಾಡಿನ ಮಾತು ಕೇಳುಗನಿಗೆ ತಲುಪದೆ. ಕಂಟ್ರಿ ಹಾಡು ಎರಡೂವರೆ ನಿಮಿಷದಲ್ಲಿ ಹೇಳಿ ಮುಗಿಸುವ ಕಥೆ. ಅದರಲ್ಲಿ ಮಾತು ಮತ್ತು ಮಾತನ್ನು ಹೊತ್ತ ಧಾಟಿ ಇವೆರಡನ್ನು ಮುಟ್ಟಬೇಡಿ. ಉಳಿದದ್ದು ಲಯ, ವಾದ್ಯ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು). ಈ ಮೂರರಲ್ಲಿ ಒಂದು ಹಾಡಿಗೆ ಒಂದನ್ನು ಮಾತ್ರ ಬದಲಿಸಿ. ಮೂರನ್ನೂ ಒಟ್ಟಿಗೆ ಬದಲಿಸಿದಾಗಲೇ 'ಹಾಡು ಕೆಟ್ಟಿತು' ಎನ್ನಿಸುವುದು. ಏನನ್ನೂ ಬದಲಿಸದೆ ಮೂಲ ಗಾಯಕರ ಗಂಟಲನ್ನೂ ಅನುಕರಿಸಿದಾಗ ನಕಲು ಎನ್ನಿಸುತ್ತದೆ.

ಇದಕ್ಕೆ ದೊಡ್ಡ ಉದಾಹರಣೆ ರೇ ಚಾರ್ಲ್ಸ್ 1962ರಲ್ಲಿ ಎಬಿಸಿ-ಪ್ಯಾರಾಮೌಂಟ್ ಕಂಪನಿಗೆ ಮಾಡಿದ 'ಮಾಡರ್ನ್ ಸೌಂಡ್ಸ್ ಇನ್ ಕಂಟ್ರಿ ಅಂಡ್ ವೆಸ್ಟರ್ನ್ ಮ್ಯೂಸಿಕ್'. ಅದರ ಹನ್ನೆರಡು ಹಾಡುಗಳಲ್ಲಿ ಕೆಲವಕ್ಕೆ ಬಿಗ್ ಬ್ಯಾಂಡ್, ಕೆಲವಕ್ಕೆ ಪಿಟೀಲುಗಳ ಹಿಂಡು ಮತ್ತು ಕೋರಸ್. ಸ್ಟೀಲ್ ಗಿಟಾರ್, ಫಿಡಲ್ ಧಾಟಿಯ ಕಂಟ್ರಿ ಗುರುತೇ ಅಲ್ಲಿಲ್ಲ. ಆದರೂ ಡಾನ್ ಗಿಬ್ಸನ್ ಬರೆದ 'ಐ ಕಾಂಟ್ ಸ್ಟಾಪ್ ಲವಿಂಗ್ ಯು' ಬಿಲ್‌ಬೋರ್ಡ್ ಪಾಪ್ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಗಮನವಿಟ್ಟು ಕೇಳಿ: ವಾದ್ಯಮೇಳ ಸಂಪೂರ್ಣ ಬದಲಾಗಿದೆ, ಆದರೆ ಒಂದು ಪದವೂ ವಾದ್ಯದಡಿ ಮುಚ್ಚಿಹೋಗಿಲ್ಲ. ಹಲವೆಡೆ ಕೋರಸ್ ಸಾಲನ್ನು ನೇರವಾಗಿ ಹಿಡಿದಿರುತ್ತದೆ, ಚಾರ್ಲ್ಸ್ ಅದಕ್ಕೆ ಮರುನುಡಿಯುತ್ತಾರೆ. ಹಾಡು ಎಲ್ಲಿದೆ ಎಂಬುದು ಕೇಳುಗನಿಗೆ ಒಂದು ಕ್ಷಣವೂ ತಪ್ಪುವುದಿಲ್ಲ.

ಎರಡನೆಯ ದಾರಿ ಎಲ್ವಿಸ್ ಕಾಸ್ಟೆಲೊ 1981ರ 'ಆಲ್ಮೋಸ್ಟ್ ಬ್ಲೂ'ನಲ್ಲಿ ಹಿಡಿದದ್ದು. ಇಂಗ್ಲೆಂಡಿನ ರಾಕ್ ಗಾಯಕ ತನ್ನ ಬ್ಯಾಂಡ್ ಕಟ್ಟಿಕೊಂಡು ಕಂಟ್ರಿಯ ತವರು ನ್ಯಾಶ್‌ವಿಲ್‌ಗೇ ಹೋಗಿ, ಕಂಟ್ರಿ ಗಾಯಕ ಜಾರ್ಜ್ ಜೋನ್ಸ್‌ರ ನಿರ್ಮಾಪಕ ಬಿಲ್ಲಿ ಶೆರಿಲ್ ಕೈಯಲ್ಲಿ ಮಾಡಿಸಿದ ಆಲ್ಬಂ ಅದು. ಚೌಕಟ್ಟು ಹಳೆಯದು, ದನಿ ಹೊಸದು. ಮೂರನೆಯದು ಒಬ್ಬರ ಹಾಡುಗಳನ್ನೇ ಹಿಡಿಯುವುದು: ವಿಲ್ಲಿ ನೆಲ್ಸನ್ 1977ರಲ್ಲಿ ಲೆಫ್ಟಿ ಫ್ರಿಜೆಲ್‌ಗಾಗಿ, ಮರ್ಲ್ ಹ್ಯಾಗರ್ಡ್ 1969ರಲ್ಲಿ ಜಿಮ್ಮಿ ರಾಜರ್ಸ್‌ಗಾಗಿ ಮಾಡಿದ ಆಲ್ಬಂಗಳು ಹೀಗೆ ಹುಟ್ಟಿದವು. ನಿಮ್ಮ ಐವರ ತಂಡಕ್ಕೆ ಒಪ್ಪುವುದು ಎರಡನೆಯ ದಾರಿ. ಸಣ್ಣ ಚೌಕಟ್ಟು, ಸ್ವಂತ ದನಿ.

ಹಾಡು ಆರಿಸುವಾಗ ಇಷ್ಟದ ಪಟ್ಟಿಯಿಂದ ಶುರು ಮಾಡಬೇಡಿ, ಗಾಯಕಿಯ ಕಂಠದಿಂದ ಶುರು ಮಾಡಿ. ಇಪ್ಪತ್ತೈದು ಹಾಡು ಹಾಕಿಕೊಂಡು ಪ್ರತಿಯೊಂದರ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ಬರೆದುಕೊಳ್ಳಿ. ಮೇಲಿನ ಸ್ವರ ಸಲೀಸಾಗಿ ಬಂದರೆ ಸಾಲದು; ಆ ಸ್ವರದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು. ಗಾಯಕಿ ಮುಟ್ಟಬಲ್ಲ ತುತ್ತತುದಿಗಿಂತ ಎರಡು ಅರ್ಧಸ್ವರ ಕೆಳಗೆ ಹಾಡಿನ ಶಿಖರ ಬರುವಂತೆ ಶ್ರುತಿ ಇಡಿ. ವಿಲ್ಲಿ ನೆಲ್ಸನ್ ಬರೆದು 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ 'ಕ್ರೇಜಿ' ಮೊದಲ ಪದದಲ್ಲೇ ಕೆಳಕ್ಕೆ ದೊಡ್ಡ ಜಿಗಿತ ಹೊಡೆಯುತ್ತದೆ. ಆ ಕೆಳಗಿನ ಸ್ವರ ಗಾಳಿಯಾಗಿ ಹೋದರೆ ಮುಂದೆ ಎಷ್ಟು ಚೆನ್ನಾಗಿ ಹಾಡಿದರೂ ಹಾಡು ಏಳುವುದಿಲ್ಲ. ಜಾನಿ ಕ್ಯಾಶ್‌ರ 1956ರ 'ಐ ವಾಕ್ ದಿ ಲೈನ್' ಇನ್ನೊಂದು ಬಲೆ: ಚರಣದಿಂದ ಚರಣಕ್ಕೆ ಶ್ರುತಿ ಬದಲಾಗುತ್ತದೆ, ಕೊನೆಯ ಚರಣ ಮೊದಲನೆಯದಕ್ಕಿಂತ ಒಂದು ಸ್ಥಾಯಿ ಕೆಳಗೆ. ಮೊದಲ ಚರಣಕ್ಕೆ ಶ್ರುತಿ ಹೊಂದಿಸಿಕೊಂಡವರು ಕೊನೆಯಲ್ಲಿ ಗೊಣಗುತ್ತಾರೆ. ಅದಕ್ಕೆ ಶ್ರುತಿಯನ್ನು ಕೊನೆಯ ಚರಣದಿಂದಲೇ ಲೆಕ್ಕ ಹಾಕಬೇಕು. ನಿಮ್ಮ ಗಾಯಕಿಗೆ ಆ ಮಂದ್ರ ಇಲ್ಲದಿದ್ದರೆ ಹಾಡನ್ನು ಕೈಬಿಡಿ ಅಥವಾ ಕೊನೆಯ ಚರಣವನ್ನು ಗಂಡು ದನಿಗೆ ಕೊಡಿ.

ಹತ್ತರಲ್ಲಿ ನಡೆಗಳ ಹಂಚಿಕೆ ಹೀಗಿದ್ದರೆ ಆಲ್ಬಂ ಮಗ್ಗುಲು ಬದಲಿಸುತ್ತಾ ಸಾಗುತ್ತದೆ: ಮೂರು ಶಫಲ್, ಮೂರು ಎಣಿಕೆಯ ಎರಡು ವಾಲ್ಟ್ಜ್, ಎರಡು ರೈಲು ನಡೆ, ಮೂರು ನಿಧಾನ ಹಾಡು. ಶಫಲ್ ಎಂದರೆ ಏನೆಂದು ನಿಮ್ಮ ಗಾಯಕಿಗೆ ಒಂದೇ ಮಾತಿನಲ್ಲಿ ಹೇಳಬಹುದು: ನಾಲ್ಕು ಎಣಿಕೆ, ತಿಶ್ರ ನಡೆ, 'ತಕಿಟ'ದ 'ಕಿ' ಮೌನ. ರೇ ಪ್ರೈಸ್ 1956ರಲ್ಲಿ 'ಕ್ರೇಜಿ ಆರ್ಮ್ಸ್' ಹಾಡಿದ ಮೇಲೆ ನಾಲ್ಕೂ ಪೆಟ್ಟಿಗೆ ಬಾಸ್ ನಡೆಯುವ ಈ ಶಫಲ್ ಕಂಟ್ರಿಯ ಮನೆಮಾತಾಯಿತು. ರೈಲು ನಡೆಯಲ್ಲಿ ಬ್ರಷ್ ಸ್ನೇರ್ ಡ್ರಮ್ ಮೇಲೆ ಬಿಡದೆ ಓಡುತ್ತಿರುತ್ತದೆ, ಎರಡು ಮತ್ತು ನಾಲ್ಕನೆಯ ಪೆಟ್ಟಿಗೆ ಒತ್ತು. ಇಲ್ಲಿ ಡ್ರಮ್ಮರ್‌ಗಳು ಮಾಡುವ ಸಾಮಾನ್ಯ ತಪ್ಪು ಒಂದೇ, ಗಟ್ಟಿಯಾಗಿ ನುಡಿಸುವುದು. ಗಟ್ಟಿಯಾದಷ್ಟೂ ರೈಲು ನಿಂತ ಹಾಗೆ ಕೇಳುತ್ತದೆ. ಕ್ಯಾಶ್‌ರ ಆರಂಭದ ದಿನಗಳಲ್ಲಿ ತಂಡದಲ್ಲಿ ಡ್ರಮ್ಮೇ ಇರಲಿಲ್ಲ. ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಆ ಸದ್ದು ಹುಟ್ಟಿಸುತ್ತಿದ್ದರು. ನಿಮ್ಮ ಎರಡನೆಯ ಅಕೌಸ್ಟಿಕ್‌ನಲ್ಲಿ ಒಂದು ಹಾಡಿಗಾದರೂ ಇದನ್ನು ಮಾಡಿ ನೋಡಿ: ಮಡಿಸಿದ ಕಾಗದವನ್ನು ಬ್ರಿಜ್ ಹತ್ತಿರ ಒಂದು ತಂತಿಯ ಮೇಲೆ, ಮುಂದಿನದರ ಕೆಳಗೆ ಹೆಣೆದರೆ ಸಾಕು.

ಹ್ಯಾಂಕ್ ವಿಲಿಯಮ್ಸ್‌ರ 1949ರ ವಾಲ್ಟ್ಜ್ 'ಐ ಆಮ್ ಸೋ ಲೋನ್ಸಮ್ ಐ ಕುಡ್ ಕ್ರೈ' ಹಾಕಿಕೊಳ್ಳುವುದಾದರೆ ಒಂದು ಎಚ್ಚರಿಕೆ. ಅದಕ್ಕೆ ಪಲ್ಲವಿ ಇಲ್ಲ. ಒಂದೇ ಧಾಟಿಯ ನಾಲ್ಕು ಚರಣ. ನಾಲ್ಕಕ್ಕೂ ಎಲ್ಲರೂ ನುಡಿಸುತ್ತಾ ಹೋದರೆ ಮೂರನೆಯದಕ್ಕೆ ಬೇಸರ ಬರುತ್ತದೆ. ಮೊದಲ ಚರಣಕ್ಕೆ ಒಂದೇ ಗಿಟಾರ್, ಎರಡನೆಯದಕ್ಕೆ ಬಾಸ್, ಮೂರನೆಯದಕ್ಕೆ ಬ್ರಷ್ ಮತ್ತು ಟೆಲಿಕ್ಯಾಸ್ಟರ್, ನಾಲ್ಕನೆಯದಕ್ಕೆ ಮತ್ತೆ ಎಲ್ಲವನ್ನೂ ತೆಗೆದು ದನಿ ಮತ್ತು ಬಾಸ್ ಮಾತ್ರ ಇಡಿ. ಬದಲಿಸುವುದು ವಾದ್ಯ ಮಾತ್ರ, ಲಯವೂ ಕಾರ್ಡೂ ಹಾಗೇ ಇರಲಿ.

ಕಾರ್ಡ್‌ಗಳನ್ನು ಅಕ್ಷರದಲ್ಲಿ ಬರೆಯಬೇಡಿ, ಅಂಕಿಯಲ್ಲಿ ಬರೆಯಿರಿ. ಜೊತೆದನಿ ಹಾಡುತ್ತಿದ್ದ ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ 1950ರ ದಶಕದ ಕೊನೆಗೆ ಶುರು ಮಾಡಿದ ಈ ಪದ್ಧತಿಯಲ್ಲಿ ಷಡ್ಜದ ಮೇಲಿನ ಕಾರ್ಡ್ 1, ಮಧ್ಯಮದ್ದು 4, ಪಂಚಮದ್ದು 5. ಮೈನರ್ ಆದರೆ ಅಂಕಿಯ ಪಕ್ಕ ಅಡ್ಡಗೆರೆ. ಹದಿನಾರು ಬಾರಿನ (ಬಾರ್ ಎಂದರೆ ಎಣಿಕೆಯ ಒಂದು ಸುತ್ತು) ಒಂದು ಚರಣ ಹೀಗಿರಬಹುದು: 1 1 4 1, 1 1 5 5, 1 1 4 1, 1 5 1 1. ಗಾಯಕಿ 'ಇವತ್ತು ಗಂಟಲು ಸರಿಯಿಲ್ಲ, ಒಂದು ಸ್ವರ ಇಳಿಸಿ' ಎಂದರೆ ಹಾಳೆ ಬದಲಿಸಬೇಕಾಗಿಲ್ಲ. ಸರಿಗಮದಲ್ಲಿ ಯೋಚಿಸುವವರಿಗೆ ಇದು ಹೊಸ ವಿದ್ಯೆಯೇ ಅಲ್ಲ.

ಶಫಲ್, ವಾಲ್ಟ್ಜ್ ಬಿಟ್ಟು ಉಳಿದ ಹಾಡುಗಳಲ್ಲಿ ಬಾಸ್ 1 ಮತ್ತು 3ನೆಯ ಪೆಟ್ಟಿಗೆ ಆಯಾ ಕಾರ್ಡ್‌ನ ಷಡ್ಜ, ಪಂಚಮ, ಅಷ್ಟೆ. 1ನೆಯ ಕಾರ್ಡ್‌ನಿಂದ 4ನೆಯ ಕಾರ್ಡ್‌ಗೆ ಹೋಗುವ ಹಿಂದಿನ ಬಾರಿನಲ್ಲಿ ಮಾತ್ರ ಸ-ರಿ-ಗ ಎಂದು ಮೆಟ್ಟಿಲು ಹತ್ತಿ ಮಧ್ಯಮಕ್ಕೆ ಬಂದು ನಿಲ್ಲಬೇಕು. ಬಾಸ್‌ನವರಿಗೆ ಕೈ ತುರಿಸಿದರೂ ಇದಕ್ಕಿಂತ ಹೆಚ್ಚು ಬೇಡ. ಅದರ ಬದಲು ಬಾಸ್ ನುಡಿಸಿದ್ದನ್ನೇ ಒಂದು ಸ್ಥಾಯಿ ಮೇಲೆ, ಟೆಲಿಕ್ಯಾಸ್ಟರಿನ ದಪ್ಪ ತಂತಿಗಳಲ್ಲಿ, ಅಂಗೈ ಅಂಚಿನಿಂದ ಬ್ರಿಜ್ ಒತ್ತಿ ಸದ್ದು ಕಟ್ಟಿ ನುಡಿಸಿ ಇನ್ನೊಂದು ಟ್ರ್ಯಾಕ್ ಮಾಡಿ. ನ್ಯಾಶ್‌ವಿಲ್‌ನಲ್ಲಿ ಇದಕ್ಕೆ 'ಟಿಕ್-ಟ್ಯಾಕ್' ಎನ್ನುತ್ತಾರೆ. ಓವನ್ ಬ್ರಾಡ್ಲಿ ನಿರ್ಮಾಣದ ರೆಕಾರ್ಡುಗಳಲ್ಲಿ ಅವರ ತಮ್ಮ ಹೆರಾಲ್ಡ್ ಆರು ತಂತಿಯ ಬಾಸ್ ಗಿಟಾರಿನಲ್ಲಿ ಇದನ್ನು ನುಡಿಸುತ್ತಿದ್ದರು. ಮೊಬೈಲ್ ಸ್ಪೀಕರಿನಲ್ಲಿ ಬಾಸ್ ಕೇಳದಿದ್ದರೂ ಈ ಟಿಕ್-ಟ್ಯಾಕ್ ಕೇಳುತ್ತದೆ. 1961ಕ್ಕಿಂತ ಇವತ್ತಿಗೇ ಹೆಚ್ಚು ಉಪಯೋಗ.

ಎರಡು ಅಕೌಸ್ಟಿಕ್ ಒಂದೇ ಕಾರ್ಡನ್ನು ಒಂದೇ ಜಾಗದಲ್ಲಿ ಹಿಡಿದರೆ ಮಣ್ಣುಮಣ್ಣಾಗಿ ಕೇಳುತ್ತದೆ. ಒಬ್ಬರು ತೆರೆದ ಜಿ ಆಕಾರ ಹಿಡಿದರೆ ಇನ್ನೊಬ್ಬರು ಐದನೆಯ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಅದುಮಿ ಹಿಡಿಯುವ ಕ್ಲಿಪ್) ಹಾಕಿ ಡಿ ಆಕಾರ ಹಿಡಿಯಲಿ. ಶ್ರುತಿ ಒಂದೇ, ಜಾಗ ಬೇರೆ. ಕ್ಯಾಪೊ ಹಾಕಿದಾಗ ತಂತಿಗಳು ತುಸು ಏರುತ್ತವೆ, ಮತ್ತೆ ಶ್ರುತಿ ಮಾಡಿಯೇ ಟೇಕ್ ತೆಗೆದುಕೊಳ್ಳಿ. ಇನ್ನೂ ಒಳ್ಳೆಯದು ಎರಡನೆಯ ಗಿಟಾರಿಗೆ 'ನ್ಯಾಶ್‌ವಿಲ್ ಟ್ಯೂನಿಂಗ್' ಹಾಕುವುದು: ದಪ್ಪ ನಾಲ್ಕು ತಂತಿ ತೆಗೆದು ಅದೇ ಸ್ವರದ, ಒಂದು ಸ್ಥಾಯಿ ಮೇಲಿನ ಸಣ್ಣ ತಂತಿ ಕಟ್ಟುವುದು. ಹನ್ನೆರಡು ತಂತಿಯ ಗಿಟಾರಿನ ಒಂದು ಸೆಟ್ ತಂದರೆ ಅದರಲ್ಲೇ ಬೇಕಾದದ್ದೆಲ್ಲ ಸಿಗುತ್ತದೆ. ಆರನೆಯದರಿಂದ ಒಂದನೆಯದರವರೆಗೆ, ಇಂಚಿನ ಸಾವಿರದ ಲೆಕ್ಕದಲ್ಲಿ, 27, 18, 12, 9, 14, 10. ಒಂಬತ್ತರ ಜಿ ತಂತಿಯೇ ಮೊದಲು ತುಂಡಾಗುವುದು, ಎರಡು ಹೆಚ್ಚಿಗೆ ಇಟ್ಟುಕೊಳ್ಳಿ.

ಈಗ ಪೆಡಲ್ ಸ್ಟೀಲ್ ಮಾತು. 1954ರಲ್ಲಿ ವೆಬ್ ಪಿಯರ್ಸ್‌ರ 'ಸ್ಲೋಲಿ' ಬಂದಾಗ ಅದರಲ್ಲಿ ಸ್ಟೀಲ್ ನುಡಿಸಿದ ಬಡ್ ಐಸಾಕ್ಸ್ ತಂತಿ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಸ್ವರ ಏರಿಸಿದರು. ಆ ವಾದ್ಯದ ಭಾಷೆಯೇ ಬದಲಾಯಿತು. ಅದರ ಗುಟ್ಟು ಇಷ್ಟು: ಒಂದು ತಂತಿ ಜಾರಿ ಮೇಲೇರುತ್ತದೆ, ಪಕ್ಕದ ತಂತಿಗಳು ಕದಲದೆ ನಿಂತಿರುತ್ತವೆ. ಇದನ್ನು ಟೆಲಿಕ್ಯಾಸ್ಟರಿನಲ್ಲಿ ಮಾಡಬಹುದು. ಸಿ ಕಾರ್ಡ್‌ಗೆ: ಮೊದಲ ತಂತಿ 8ನೆಯ ಫ್ರೆಟ್‌ನಲ್ಲಿ ಕಿರುಬೆರಳು, ಎರಡನೆಯ ತಂತಿ 8ರಲ್ಲಿ ಉಂಗುರ ಬೆರಳು, ಮೂರನೆಯ ತಂತಿ 7ರಲ್ಲಿ ಮಧ್ಯದ ಬೆರಳು, ಅದರ ಬೆನ್ನಿಗೆ ತೋರುಬೆರಳು. ಮೂರನ್ನೂ ಮೀಟಿ, ಮೂರನೆಯದನ್ನು ಮಾತ್ರ ಪೂರ್ತಿ ಒಂದು ಸ್ವರ ಎಳೆಯಿರಿ. ರಿಷಭ ಅಂತರ ಗಾಂಧಾರವಾಗುತ್ತದೆ, ಮೇಲೆ ಪಂಚಮ-ಷಡ್ಜ ನಿಂತಿರುತ್ತವೆ. ಎಳೆಯುವಾಗ ಉಳಿದೆರಡು ತಂತಿ ಕದಲಿದರೆ ಇಡೀ ಕಾರ್ಡ್ ಹುಳಿಯಾಗುತ್ತದೆ. ಗುರಿಗಿಂತ ಮೇಲೆ ಎಳೆದರಂತೂ ಇನ್ನೂ ಕೆಟ್ಟದು. ಟ್ಯೂನರ್ ಹಾಕಿಕೊಂಡು ದಿನಕ್ಕೆ ಹತ್ತು ನಿಮಿಷ ಎಳೆದು ನೋಡಿ. ಬ್ಲೂಸ್‌ನಂತೆ ಬೆರಳು ಅಲುಗಿಸಬೇಡಿ, ಸ್ವರ ಏರಿ ಸುಮ್ಮನೆ ನಿಲ್ಲಲಿ. ಮೀಟುವಾಗ ವಾಲ್ಯೂಮ್ ಮುಚ್ಚಿದ್ದು ಆಮೇಲೆ ಕಿರುಬೆರಳಿನಿಂದ ತೆರೆದರೆ ಮೀಟಿನ ಸದ್ದು ಮಾಯವಾಗಿ ಸ್ಟೀಲ್‌ನ ಉಸಿರು ಬರುತ್ತದೆ. ಹಳೆಯ ಚಿತ್ರಗೀತೆಗಳ ವಾದ್ಯಸಂಗೀತದಲ್ಲಿ ನಮ್ಮವರು ಕೇಳಿ ಬೆಳೆದ ಹವಾಯಿಯನ್ ಗಿಟಾರ್ ನುಡಿಸುವವರು ಯಾರಾದರೂ ಊರಲ್ಲಿ ಸಿಕ್ಕರೆ ಒಂದೆರಡು ಹಾಡಿಗೆ ಕರೆಯಿರಿ. ಕಂಟ್ರಿಯ ಸ್ಟೀಲ್ ಗಿಟಾರ್ ಹುಟ್ಟಿದ್ದೂ ಹವಾಯಿಯಿಂದಲೇ.

ಗಾಯಕಿಯ ವಿಷಯ ಎಲ್ಲಕ್ಕಿಂತ ಮುಖ್ಯ. ಕರ್ನಾಟಕ ಸಂಗೀತದ ತರಬೇತಿ ಇಲ್ಲಿ ಅರ್ಧ ವರ, ಅರ್ಧ ತೊಡಕು. ಜಾರು ಇಟ್ಟುಕೊಳ್ಳಲಿ, ಕಂಪಿತ ಬಿಡಲಿ. ಕಂಟ್ರಿಯಲ್ಲಿ ಸ್ವರಕ್ಕೆ ಕೆಳಗಿನಿಂದ ಒಂದೇ ಸಲ ಜಾರಿ ಬಂದು ನಿಲ್ಲುತ್ತಾರೆ. ಟೆಲಿಕ್ಯಾಸ್ಟರ್ ಮಾಡುವ ಅದೇ ರಿ-ಗ ಎಳೆತ. ನಿಂತ ಸ್ವರವನ್ನು ಆಡಿಸಿದರೆ ಕೆಳಗಿನ ಕಾರ್ಡ್ ಜೊತೆ ಜಗಳವಾಗುತ್ತದೆ. ಲೆಫ್ಟಿ ಫ್ರಿಜೆಲ್, ಅವರ ದಾರಿಯಲ್ಲಿ ಬಂದ ಜಾರ್ಜ್ ಜೋನ್ಸ್ ಒಂದೇ ಅಕ್ಷರದ ಸ್ವರವನ್ನು ಎರಡು ಮೂರು ತಿರುವು ಎಳೆಯುತ್ತಾರೆ. ಅದು ಅಕಾರ, ಓಕಾರದ ಮೇಲೆ ನಡೆಯುತ್ತದೆ. ಸಾಲಿಗೆ ಒಂದು ಕಡೆ ಮಾತ್ರ. ಎಲ್ಲೆಡೆ ಹಾಕಿದರೆ ಕೃತಿಗೆ ಸಂಗತಿ ಹಾಕಿದ ಹಾಗಾಗುತ್ತದೆ. ವಿಲ್ಲಿ ನೆಲ್ಸನ್‌ರ ಹಾಗೆ ಪೆಟ್ಟು ಬಿದ್ದ ಮೇಲೆ ತಡವಾಗಿ ಸಾಲು ಎತ್ತುವುದು ಎಡುಪು (ತಾಳದಲ್ಲಿ ಹಾಡು ಎತ್ತುವ ಜಾಗ) ಬಲ್ಲವರಿಗೆ ಸುಲಭ. ಆದರೆ ಸಾಲಿನ ಕೊನೆಯ ಪದ ಕಾರ್ಡ್ ಬದಲಾಗುವ ಮೊದಲೇ ಮುಗಿಯಬೇಕು. ಇನ್ನು ಟೆಕ್ಸಾಸಿನ ಉಚ್ಚಾರಣೆ ನಟಿಸುವುದು ಖಂಡಿತ ಬೇಡ. ಮೈಸೂರಿನ ಇಂಗ್ಲಿಷಿನಲ್ಲೇ ಹಾಡಲಿ, ಪದದ ಕೊನೆಯ ವ್ಯಂಜನ ಮಾತ್ರ ನುಂಗದಿರಲಿ.

ಜೊತೆದನಿ ಹಾಡುವವರು ಗಾಯಕಿಯ ಸ್ವರದಿಂದ ಎಣಿಸಿ ಮೂರನೆಯ ಸ್ವರದಲ್ಲಿ (ಅವರು ಸ ಹಾಡಿದರೆ ಗ), ಅ, ಇ, ಓ ಮುಂತಾದ ಸ್ವರಾಕ್ಷರದ ಬಾಯಿ ಆಕಾರ ಗಾಯಕಿಯದೇ ಇರುವಂತೆ ಹಾಡಬೇಕು. ಸಾಲಿನ ಕೊನೆಯ 'ಸ್', 'ಟ್' ಒಬ್ಬರೇ ಹೇಳಲಿ. ಇಬ್ಬರೂ ಹೇಳಿದರೆ ಎರಡು ಸಲ ಕೇಳುತ್ತದೆ.

ರೆಕಾರ್ಡಿಂಗ್‌ಗೆ 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಜೋರಾದ ಕಡೆಯೂ ಮೀಟರ್ ಮೈನಸ್ 10 ಡಿಬಿ ದಾಟದಿರಲಿ. ಬಾಸ್, ಬ್ರಷ್, ಮೊದಲ ಅಕೌಸ್ಟಿಕ್ ಮತ್ತು ಗಾಯಕಿಯ ತಾತ್ಕಾಲಿಕ ದನಿಯನ್ನು ಒಟ್ಟಿಗೆ ನುಡಿಸಿ ಹಿಡಿಯಿರಿ. ಒಬ್ಬೊಬ್ಬರಾಗಿ ಕ್ಲಿಕ್‌ಗೆ (ಲಯ ಎಣಿಸುವ ಯಂತ್ರದ ಟಕ್ ಸದ್ದಿಗೆ) ನುಡಿಸಿದರೆ ಶಫಲ್ ಮರದಂತಾಗುತ್ತದೆ. ಅಕೌಸ್ಟಿಕ್ ಗಿಟಾರಿನ ಮೈಕ್ 12ನೆಯ ಫ್ರೆಟ್‌ಗೆ ಎದುರಾಗಿ 20ರಿಂದ 30 ಸೆಂಟಿಮೀಟರ್ ದೂರ ಇರಲಿ; ರಂಧ್ರದ ಎದುರು ಇಟ್ಟರೆ ಡಂ ಡಂ ಎನ್ನುತ್ತದೆ. ದನಿಯ ಮೈಕ್ 15ರಿಂದ 20 ಸೆಂಟಿಮೀಟರ್. ಗಾಯಕಿಯ ಬೆನ್ನಿಗೆ ಎರಡು ದಪ್ಪ ಕೌದಿ ತೂಗು ಹಾಕಿದರೆ ಖಾಲಿ ಗೋಡೆಯ ಪ್ರತಿಧ್ವನಿ ಅಡಗುತ್ತದೆ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ (ಮುಗಿದ ಮೇಲೆ ಹಾಕಲು ಮರೆಯಬೇಡಿ). ಟೆಲಿಕ್ಯಾಸ್ಟರಿನ ಪಿಕಪ್ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಸದ್ದನ್ನು ಹೀರುತ್ತದೆ. ಇನ್ವರ್ಟರ್, ಎಲ್‌ಇಡಿ ದೀಪಗಳಿಂದ ದೂರ ಕುಳಿತು, ಕುರ್ಚಿಯನ್ನು ನಿಧಾನ ತಿರುಗಿಸುತ್ತಾ ಸದ್ದು ಕಡಿಮೆಯಾಗುವ ದಿಕ್ಕು ಹುಡುಕಿ. ಆಗಲೂ ಹೋಗದಿದ್ದರೆ ಪ್ಲಗ್ಗಿನ ಅರ್ತಿಂಗ್ ನೋಡಿಸಬೇಕು.

ಮಿಕ್ಸ್‌ನಲ್ಲಿ ದನಿ ಎಲ್ಲಕ್ಕಿಂತ ಮುಂದೆ, ನಿಮಗೆ ಸರಿ ಎನಿಸಿದ್ದಕ್ಕಿಂತ ಒಂದು ಡಿಬಿ ಹೆಚ್ಚಿಗೆ. ಬಾಸ್ ಇರುವ ಕಡೆ ಅಕೌಸ್ಟಿಕ್‌ಗಳ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಪ್ಲೇಟ್ ರಿವರ್ಬ್ (ದನಿಗೆ ಸೇರಿಸುವ ಅನುರಣನ) ಎರಡು ಸೆಕೆಂಡಿನ ಒಳಗೆ ಇರಲಿ, ಶುರುವಾಗುವ ಮೊದಲು 60ರಿಂದ 80 ಮಿಲಿಸೆಕೆಂಡ್ ತಡ ಕೊಡಿ. ಆ ತಡವೇ ಮಾತನ್ನು ಸ್ಪಷ್ಟವಾಗಿ ಉಳಿಸುವುದು. ಟೆಲಿಕ್ಯಾಸ್ಟರಿಗೆ 110 ಮಿಲಿಸೆಕೆಂಡ್ ಸುಮಾರಿನ ಒಂದೇ ಮರುದನಿ.

ಇನ್ನು ಹಕ್ಕು. ಹಾಡಿನ ಹಕ್ಕು ಬರೆದವರದು ಮತ್ತು ಅವರ ಪ್ರಕಾಶಕರದು; ಪ್ರಸಿದ್ಧ ಗಾಯಕರದಲ್ಲ. 'ಕ್ರೇಜಿ'ಗೆ ಪ್ಯಾಟ್ಸಿ ಕ್ಲೈನ್ ಎಂದು ಬರೆದು ಕಳಿಸಿದರೆ ಹಣ ತಪ್ಪು ಕಡೆಗೆ ಹೋಗುತ್ತದೆ ಅಥವಾ ಆನ್‌ಲೈನ್ ಸಂಗೀತದ ಅಂಗಡಿ ತಿರಸ್ಕರಿಸುತ್ತದೆ. ಅಮೆರಿಕದಲ್ಲಿ ಈಗಾಗಲೇ ಬಿಡುಗಡೆಯಾದ ಹಾಡಿನ ಕವರ್‌ಗೆ ಕಡ್ಡಾಯ ಪರವಾನಗಿ ಇದೆ, ಪ್ರಕಾಶಕರು ಬೇಡವೆನ್ನುವಂತಿಲ್ಲ. ಸಿಡಿ ಮತ್ತು ಡೌನ್‌ಲೋಡ್‌ಗೆ 2025ರಲ್ಲಿ ದರ ಐದು ನಿಮಿಷದೊಳಗಿನ ಹಾಡಿಗೆ ಪ್ರತಿಗೆ 12.7 ಸೆಂಟ್ ಇತ್ತು. ಆ ದರದಲ್ಲಿ ಹತ್ತು ಹಾಡಿನ 200 ಸಿಡಿಗೆ 254 ಡಾಲರ್. ಅಲ್ಲಿನ ಸ್ಟ್ರೀಮಿಂಗ್‌ನ ಈ ಹಣವನ್ನು ಸ್ಟ್ರೀಮಿಂಗ್ ಕಂಪನಿಗಳೇ ಕಟ್ಟುತ್ತವೆ. ಭಾರತದಲ್ಲಿ ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು ಕವರ್‌ಗೆ ದಾರಿ ಕೊಡುತ್ತದೆ, ಆದರೆ ವರ್ಷಕ್ಕೆ ಪ್ರತಿ ಕೃತಿಯ ಕನಿಷ್ಠ 50,000 ಪ್ರತಿಗಳ ಗೌರವಧನ ಮುಂಗಡ ಕೇಳುತ್ತದೆ. ನಿಮ್ಮಂಥ ತಂಡಕ್ಕೆ ಅದು ಆಗದ ಮಾತು. ಹಾಡು ಬರೆದವರ ಮತ್ತು ಪ್ರಕಾಶಕರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್ ಸಂಸ್ಥೆ, ಅಥವಾ ಕವರ್ ಪರವಾನಗಿ ಮಾಡಿಸಿಕೊಡುವ ಡಿಜಿಟಲ್ ವಿತರಕರ ಮೂಲಕ ಹೋಗಿ.

ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡದ್ದು 1953ರ ಜನವರಿ 1ರಂದು. ನಮ್ಮ ಕಾಯ್ದೆಯ 60 ವರ್ಷ ಮುಗಿದಿದೆ ಎಂದು ಪರವಾನಗಿ ಇಲ್ಲದೆ ಹಾಕಬೇಡಿ. ಅಮೆರಿಕದಲ್ಲಿ ಆ ಕಾಲದ ಹಾಡಿಗೆ ಪ್ರಕಟವಾದಂದಿನಿಂದ 95 ವರ್ಷ. 1949ರ ಹಾಡು 2044ರ ಕೊನೆಯವರೆಗೆ ಸಂರಕ್ಷಿತ, ಆನ್‌ಲೈನ್ ಬಿಡುಗಡೆ ಅಲ್ಲಿಗೂ ತಲುಪುತ್ತದೆ.

ಕನ್ನಡ ಚರಣದ ಪ್ರಶ್ನೆಗೆ ಉತ್ತರ: ಪರವಾನಗಿಯ ಭರವಸೆಯಲ್ಲಿ ಆಗುವುದಿಲ್ಲ. ಕಡ್ಡಾಯ ಪರವಾನಗಿ ನಿಮ್ಮ ಶೈಲಿಗೆ ತಕ್ಕಂತೆ ವಾದ್ಯ, ನಡೆ ಹೊಂದಿಸಲು ಬಿಡುತ್ತದೆ. ಅನುವಾದ ಅದರಲ್ಲಿ ಬರುವುದಿಲ್ಲ. ಅದು ಹೊಸ ರೂಪಾಂತರ, ಪ್ರಕಾಶಕರ ಲಿಖಿತ ಒಪ್ಪಿಗೆ ಬೇಕು. ಒಪ್ಪಿಗೆಗೆ ತಿಂಗಳುಗಳು ಹಿಡಿಯಬಹುದು, ಕೊಟ್ಟರೂ ಕನ್ನಡ ಸಾಹಿತ್ಯದ ಹಕ್ಕನ್ನು ಅವರೇ ಕೇಳುವುದುಂಟು. ಕನ್ನಡ ಬೇಕೇಬೇಕೆಂದರೆ ಹನ್ನೊಂದನೆಯ ಹಾಡಾಗಿ ಸ್ವಂತ ಸಾಹಿತ್ಯ, ಸ್ವಂತ ಧಾಟಿಯ ಒಂದು ಶಫಲ್ ಕಟ್ಟಿ. ವಿಡಿಯೊ ಮಾಡುವುದಾದರೆ ಅದಕ್ಕೂ ಹಾಡನ್ನು ದೃಶ್ಯಕ್ಕೆ ಜೋಡಿಸುವ ಪ್ರತ್ಯೇಕ 'ಸಿಂಕ್' ಪರವಾನಗಿ ಬೇಕು, ಅದು ಕಡ್ಡಾಯದ್ದಲ್ಲ. ಪರವಾನಗಿಗಳು ಕೈಗೆ ಬರುವವರೆಗೆ ಬಿಡುಗಡೆ ದಿನಾಂಕ ಘೋಷಿಸಬೇಡಿ, ಸಿಡಿ ಅಚ್ಚಿಗೂ ಕೊಡಬೇಡಿ.